ಮುತ್ತಿಗೆಯ ಮೇಜು

ಆ ಮನೆಯಲ್ಲಿ ಊಟದ ಮೇಜೇನೋ ಇತ್ತು. ಆದರೆ ಭಾನುವಾರ ಮಾತ್ರ ಅದರ ಮೇಲೆ ಯಾರಿಗೂ ಊಟ ಸಿಗುತ್ತಿರಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣಬೇಕು. ಯಾಕೆಂದರೆ ಮೇಜಿನ ಒಂದು ತುದಿಯಲ್ಲಿ ಚಿಕ್ಕಪ್ಪನ ಕೋಟೆ ಎದ್ದಿರುತ್ತಿತ್ತು, ಇನ್ನೊಂದು ತುದಿಯಲ್ಲಿ ಅಪ್ಪನ ದಂಡು ಬೀಡುಬಿಟ್ಟಿರುತ್ತಿತ್ತು.

"ಬೇರೆಯವರ ಮನೇಲಿ ಮೇಜಿನ ಮೇಲೆ ಅನ್ನ ಇರತ್ತೆ, ನಮ್ಮನೇಲಿ ಹೆಣ ಇರತ್ತೆ" ಎನ್ನುತ್ತಿದ್ದಳು ಅಮ್ಮ, ಅಡ್ಡಬಿದ್ದಿದ್ದ ಹೆಬ್ಬೆರಳುದ್ದದ ಸೈನಿಕನನ್ನು ಎತ್ತಿ ಪಕ್ಕಕ್ಕಿಡುತ್ತ.

"ಅತ್ತಿಗೆ, ಮುಟ್ಬೇಡಿ! ಅವನು ಸತ್ತಿಲ್ಲ, ಗಾಯ ಆಗಿದೆ ಅಷ್ಟೆ" ಎಂದು ಚಿಕ್ಕಪ್ಪ ಕೂಗುತ್ತಿದ್ದ.

ಅಪ್ಪ ಫೋಟೋಗಳಿಗೆ ಕಟ್ಟು ಹಾಕುವವನು. ಮನೆಯ ಮುಂಭಾಗವೇ ಅಂಗಡಿ. ಕಟ್ಟು ಕೊಯ್ದು ಉಳಿದ ಮರದ ತುಂಡುಗಳು ಒಲೆಗೆ ಹೋಗುವ ಬದಲು ಅಪ್ಪನ ಕೈಯಲ್ಲಿ ಯುದ್ಧಯಂತ್ರಗಳಾಗುತ್ತಿದ್ದವು. ಕಲ್ಲೆಸೆಯುವ ಕವಣೆಗಳು, ಹೆಬ್ಬಾಗಿಲಿಗೆ ಗುಮ್ಮುವ ಟಗರುದಿಮ್ಮಿ, ಗೋಡೆಗೆ ತಾಗಿಸಿ ಸೈನಿಕರನ್ನು ಇಳಿಸುವ ಗಾಲಿಗೋಪುರ, ಎಲ್ಲವೂ ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡವು. ಚಿಕ್ಕಪ್ಪ ಬೀದಿಯ ತುದಿಯಲ್ಲಿ ಕಾರು ಓಡಿಸುವುದನ್ನು ಕಲಿಸುವವನು. ದಿನವಿಡೀ ಹೊಸಬರ ಪಕ್ಕ ಜೀವ ಕೈಯಲ್ಲಿ ಹಿಡಿದು ಕೂತವನಿಗೆ ಭಾನುವಾರ ಗಟ್ಟಿ ಗೋಡೆಯೊಂದರ ಹಿಂದೆ ಕೂರುವುದೇ ಸ್ವರ್ಗ.

ಅಣ್ಣತಮ್ಮಂದಿರು ಮೀಸೆ ಮೂಡುವ ಕಾಲದಿಂದ ಆಡುತ್ತ ಬಂದ ಆಟ ಅದು. ನಿಯಮಗಳನ್ನು ಆಗಲೇ ಮಾಡಿಕೊಂಡಿದ್ದರು, ಬದಲಾಯಿಸಿರಲಿಲ್ಲ. ಕೋಟೆಯ ಇಟ್ಟಿಗೆಗಳು ಮರದವು, ದಾಳದಷ್ಟು ಚಿಕ್ಕವು, ಗೋಂದು ಹಚ್ಚದೆ ಪೇರಿಸಬೇಕು. ಎಸೆಯುವ ಗುಂಡು ಒಣಗಿದ ಜೇಡಿಮಣ್ಣಿನದು. ಕವಣೆಯ ಒಂದು ತುದಿಗೆ ಭಾರದ ಪೆಟ್ಟಿಗೆ ಇರುತ್ತದಲ್ಲ, ಅದರಲ್ಲಿ ಮರಳು ಬಿಟ್ಟು ಬೇರೇನೂ ಇರಕೂಡದು. ಗೋಡೆಯಲ್ಲಿ ಒಬ್ಬ ಸೈನಿಕ ನೆಟ್ಟಗೆ ನಿಂತು ದಾಟುವಷ್ಟು ಕಿಂಡಿಯಾದರೆ ಅಪ್ಪ ಗೆದ್ದ, ಇಲ್ಲದಿದ್ದರೆ ಚಿಕ್ಕಪ್ಪ. ಇದರ ಮೇಲೆ ಗುದ್ದು ಎಂಬ ಇನ್ನೊಂದು ನಿಯಮ. ಆಟಕ್ಕೆ ಮೊದಲು ಅಪ್ಪ ಮೇಜಿಗೆ ಒಂದು ಗುದ್ದು ಗುದ್ದಬೇಕು. ಗೋಡೆ ನಿಂತರೆ ಸರಿಯಾದ ಗೋಡೆ ಅಂತ ಇಬ್ಬರೂ ಒಪ್ಪಿದಂತೆ. ಆಮೇಲೆ 'ಮೇಜು ಅಲುಗಾಡಿ ಬಿತ್ತು' ಅಂತ ಯಾರೂ ರಾಗ ಎಳೆಯುವ ಹಾಗಿಲ್ಲ.

ಅಪ್ಪ ಒಮ್ಮೆಯೂ ಗೆದ್ದಿರಲಿಲ್ಲ. ಗೋಡೆಯ ಮೇಲಂಚಿನ ಹಲ್ಲುಸಾಲಿನಂಥ ತೆನೆಗಳು ಉದುರುತ್ತಿದ್ದವು, ಬುರುಜು ಬೀಳುತ್ತಿತ್ತು, ಆದರೆ ಗೋಡೆ ಬಾಯಿ ಬಿಡುತ್ತಿರಲಿಲ್ಲ. ಚಿಕ್ಕಪ್ಪ ಗೋಡೆಯನ್ನು ಎರಡು ಪದರವಾಗಿ ಕಟ್ಟಿ, ನಡುನಡುವೆ ಎರಡೂ ಪದರಗಳನ್ನು ಹಿಡಿದಿಡುವ ಉದ್ದನೆಯ ಇಟ್ಟಿಗೆಗಳನ್ನು ಅಡ್ಡ ಹಾಕುತ್ತಿದ್ದ. ಅವನ್ನು 'ಹೊಟ್ಟೆಕಟ್ಟು' ಎನ್ನುತ್ತಿದ್ದ.

"ಏನಣ್ಣಾ, ಕಲ್ಲು ಹೊಡೀತಿದೀಯೋ ಕೋಟೆಗೆ ದೃಷ್ಟಿ ತೆಗೀತಿದೀಯೋ?"

"ನಗು ನಗು. ಒಂದಿನ ನಿನ್ನ ಕೋಟೆ ಒಳಗೆ ನನ್ನ ಸಿಪಾಯಿ ನಡ್ಕೊಂಡು ಬರ್ತಾನೆ. ಆವತ್ತು ನೀನೇ ಎದ್ದು ಅವನಿಗೆ ಕುರ್ಚಿ ಹಾಕ್ಬೇಕು."

"ಬರಲಿ ಬರಲಿ. ಲೈಸೆನ್ಸ್ ತೋರಿಸಿ ಒಳಗೆ ಬರಲಿ."

ಈ ಮಾತುಗಳನ್ನು ಬಾಗಿಲ ಪಕ್ಕ ಮಣೆಯ ಮೇಲೆ ಕೂತು ಕೇಳುತ್ತಿದ್ದವಳು ಮನೆಯ ಮಗಳು. ಮಾತೆಂದರೆ ಮೈಲಿ ದೂರ. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಲ್ಲ ಎಂಬ ಒಂದೇ ಭಯಕ್ಕೆ ಓದು ಬಿಟ್ಟು ಅಪ್ಪನ ಅಂಗಡಿಗೆ ಬಂದವಳು. ಚಿಕ್ಕಪ್ಪ ಅವಳನ್ನು ಗುಮ್ಮನಗುಸುಕಿ ಎಂದು ಕರೆದು, ಅದು ಉದ್ದವಾಯಿತೆಂದು ಗುಸುಕಿ ಮಾಡಿದ್ದ. ಅದೇ ನಿಂತುಬಿಟ್ಟಿತ್ತು.

ಗುಸುಕಿಗೆ ಮರ ಕೊಯ್ಯುವುದನ್ನು ಅಪ್ಪನೇ ಕಲಿಸಿದ್ದ. "ಮೊದಲು ಎಳೆ ನೋಡು" ಎನ್ನುತ್ತಿದ್ದ, ಪಟ್ಟಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು. "ಮರದ ಎಳೆ ಈ ತುದಿಯಿಂದ ಆ ತುದಿವರೆಗೆ ನೆಟ್ಟಗೆ ಓಡ್ಬೇಕು. ನಡುವೆ ಪಕ್ಕಕ್ಕೆ ಜಾರ್ತು ಅಂದ್ರೆ ಅದು ಕವಣೆಯ ತೋಳಿಗೆ ಬೇಡ. ಭಾರ ಬಿದ್ದ ಕ್ಷಣ ಪಟ್ ಅಂತ ಮುರಿಯತ್ತೆ." ಎರಡು ಕಡೆ ಏಣಿಯಂಥ ಕಾಲುಗಳು, ನಡುವೆ ಬಿದಿರುಕಡ್ಡಿಯ ಅಚ್ಚು, ಅಚ್ಚಿನ ಮೇಲೆ ತೋಳು. ತೋಳಿನ ಗಿಡ್ಡ ತುದಿಗೆ ಮರಳಿನ ಪೆಟ್ಟಿಗೆ, ಉದ್ದ ತುದಿಗೆ ಬಟ್ಟೆಚೂರಿನ ಜೋಳಿಗೆ. ಜೋಳಿಗೆಯ ಒಂದು ದಾರ ತೋಳಿಗೇ ಕಟ್ಟಿರುತ್ತದೆ, ಇನ್ನೊಂದು ದಾರವನ್ನು ತೋಳಿನ ತುದಿಯ ಗುಂಡಿಪಿನ್ನಿಗೆ ಸುಮ್ಮನೆ ಸಿಕ್ಕಿಸಿರುತ್ತಾರೆ. ತೋಳು ಮೇಲೆದ್ದಾಗ ಆ ದಾರ ಜಾರಿ ಗುಂಡು ಹಾರುತ್ತದೆ. ಗೋಂದು ಆರುವ ತನಕ ಬಟ್ಟೆ ಒಣಗಿಸುವ ಕ್ಲಿಪ್ಪುಗಳೇ ಹಿಡಿತ. ಅಮ್ಮನ ಬಟ್ಟೆಗಳು ಗಾಳಿಗೆ ಹಾರಿ ಪಕ್ಕದ ಮನೆ ಸೇರಿದಾಗೆಲ್ಲ ಯಾವುದೋ ಹೊಸ ಕವಣೆ ಹುಟ್ಟುತ್ತಿದೆಯೆಂದು ಲೆಕ್ಕ.

ಆಮೇಲೆ ಅಪ್ಪನ ಕೈ ನಡುಗತೊಡಗಿತು. ಮೊದಲು ಚಹದ ಲೋಟದಲ್ಲಿ ಕಂಡಿತು, ನಂತರ ಗಾಜು ಕೊಯ್ಯುವಾಗ. ಡಾಕ್ಟರು ಗುಳಿಗೆ ಕೊಟ್ಟರು, ಇದು ಹೋಗುವ ರೋಗವಲ್ಲ ಎಂದೂ ಹೇಳಿದರು. ಅಂಗಡಿಯ ಗಾಜು, ಕೊಯ್ತ, ಮೊಳೆ ಎಲ್ಲ ಸದ್ದಿಲ್ಲದೆ ಗುಸುಕಿಯ ಕೈಗೆ ಬಂದವು. ಕವಣೆಗಳನ್ನು ಮಾತ್ರ ಅಪ್ಪ ಬಿಟ್ಟುಕೊಡಲಿಲ್ಲ. ಮಧ್ಯಾಹ್ನ ಕೂತು ಜೋಡಿಸುತ್ತಿದ್ದ, ಸುಸ್ತಾಗಿ ಒಳಗೆ ಹೋಗಿ ಮಲಗುತ್ತಿದ್ದ. ಅವನು ಅತ್ತ ಹೋದೊಡನೆ ಗೋಂದು ಇನ್ನೂ ಹಸಿಯಿರುವಾಗಲೇ ಅವಳು ವಾರೆಯಾದ ಕಾಲನ್ನು ನೇರ ಮಾಡಿ, ಜಾರಿದ ಕ್ಲಿಪ್ಪನ್ನು ಮತ್ತೆ ಹಾಕಿ, ಚೆಲ್ಲಿದ ಗೋಂದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದಳು. ಅಪ್ಪ ಎದ್ದು ಬಂದು ನೋಡಿ "ಪರವಾಗಿಲ್ಲ, ಇನ್ನೂ ಕೈ ಸತ್ತಿಲ್ಲ" ಎನ್ನುತ್ತಿದ್ದ. ಅವಳು ತಲೆ ತಗ್ಗಿಸಿ ಗಾಜು ಒರೆಸುತ್ತಿದ್ದಳು.

ಒಂದು ದಿನ ಅಪ್ಪ, ಚಹವನ್ನು ತಟ್ಟೆಗೇ ಚೆಲ್ಲಿಕೊಂಡು ಕುಡಿಯುತ್ತ ಹೇಳಿದ: "ಇನ್ನೊಂದೇ ಒಂದು ದೊಡ್ಡ ಕವಣೆ ಮಾಡ್ತೀನಿ. ಇದು ಆದ್ಮೇಲೆ ಕೈ ನನ್ನ ಮಾತು ಕೇಳಲ್ಲ, ಗೊತ್ತು ನಂಗೆ. ಒಂದ್ಸಲ ಆ ಗೋಡೇಲಿ ಕಿಂಡಿ ನೋಡ್ಬೇಕು. ನೋಡಿ ಸುಮ್ನಾಗ್ತೀನಿ."

ಆ ಕವಣೆಯನ್ನು ಅಪ್ಪ ಬಹಳ ದಿನ ಹಿಡಿದು ಮಾಡಿದ. ತೋಳಿಗೆ ಪಟ್ಟಿಯನ್ನು ಅವನೇ ಆರಿಸಿದ, ಗೆರೆ ಎಳೆದ, ಕೊಯ್ದವಳು ಅವಳು. ಶನಿವಾರ ಗುಂಡು ಹಾರಿಸಿ ನೋಡಿದರು. ಗೋಡೆ ನಿಲ್ಲುವ ಜಾಗಕ್ಕೆ ತಲುಪಿತು, ಆದರೆ ಪೆಟ್ಟಿನಲ್ಲಿ ಬಲವಿರಲಿಲ್ಲ. ಅಪ್ಪ ಪೆಟ್ಟಿಗೆಯ ಮರಳನ್ನು ಒಮ್ಮೆ ಮುಟ್ಟಿ ನೋಡಿ ಎದ್ದ. ಅವನು ಒಳಗೆ ಹೋದ ಮೇಲೆ ಅವಳು ಪೆಟ್ಟಿಗೆಯ ಮರಳನ್ನು ಕಾಗದದ ಮೇಲೆ ಸುರಿದುಕೊಂಡಳು. ಫೋಟೋ ನೆಟ್ಟಗೆ ತೂಗುಹಾಕಲು ಅಪ್ಪ ಬಳಸುತ್ತಿದ್ದ ಸೀಸದ ತೂಗುಗುಂಡು ಮೊಳೆಯ ಮೇಲೆ ನೇತಾಡುತ್ತಿತ್ತು. ಅದನ್ನು ಬಿಚ್ಚಿ ಪೆಟ್ಟಿಗೆಯ ತಳಕ್ಕಿಟ್ಟು ಮೇಲೆ ಮರಳು ತುಂಬಿದಳು. ಸಂಜೆ ಅಪ್ಪ ತೂಗುಗುಂಡು ಎಲ್ಲಿ ಎಂದು ಹುಡುಕಿದ. ಗೊತ್ತಿಲ್ಲ ಎಂದು ಅವಳು ತಲೆಯಾಡಿಸಿದಳು. ಮಾತಾಡದವರು ಸುಳ್ಳಾಡುವುದು ಎಷ್ಟು ಸುಲಭ!

ಭಾನುವಾರ ಚಿಕ್ಕಪ್ಪ ಇಟ್ಟಿಗೆಯ ಡಬ್ಬ ಹಿಡಿದು ಬಂದ. ಎಂದಿಗಿಂತ ಜೋರಾಗಿ ಮಾತಾಡುತ್ತ ಗೋಡೆ ಕಟ್ಟಿದ. ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದ ಹೊಸ ಶಿಷ್ಯೆಯೊಬ್ಬಳು ಕಾರನ್ನು ನೇರ ಮಾಂಸದಂಗಡಿಗೆ ನುಗ್ಗಿಸಿದ್ದನ್ನು ಅಭಿನಯಿಸಿ ತೋರಿಸಿದ. ಅಪ್ಪ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಗುಸುಕಿ ಮಾತ್ರ ಚಿಕ್ಕಪ್ಪನ ಬಾಯಿ ನೋಡಲಿಲ್ಲ, ಕೈ ನೋಡಿದಳು. ಸಾಲಿನ ಮೇಲೆ ಸಾಲು ಏರಿತು. ಹೊಟ್ಟೆಕಟ್ಟಿನ ಉದ್ದ ಇಟ್ಟಿಗೆ ಒಂದೂ ಡಬ್ಬದಿಂದ ಹೊರಗೆ ಬರಲಿಲ್ಲ.

ಅವಳಿಗೆ ಅರ್ಥವಾಯಿತು. ಚಿಕ್ಕಪ್ಪನೂ ಅಣ್ಣನ ಕೈ ನೋಡಿದ್ದಾನೆ. ಆಗಲೇ ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದ್ದರೂ ಸಾಕಿತ್ತು. ಆದರೆ ಅದನ್ನು ಹೇಳಲು ಹೊರಟರೆ ಮರಳಿನ ಕೆಳಗಿನದನ್ನೂ ಹೇಳಬೇಕು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇರಲಿ, ಎರಡೂ ಸೇರಿದರೆ ಇನ್ನೂ ಒಳ್ಳೆಯದೇ ಆಯಿತಲ್ಲ, ಬೀಳುವುದಂತೂ ಖಾತ್ರಿ ಎಂದುಕೊಂಡು ಬಾಯಿ ಮುಚ್ಚಿ ಕೂತಳು.

"ಹೂಂ ಅಣ್ಣಾ, ಗುದ್ದು."

ಅಪ್ಪ ಮುಷ್ಟಿ ಕಟ್ಟಿದ. ಹಿಂದೆಲ್ಲ ಆ ಗುದ್ದಿಗೆ ಅಡುಗೆಮನೆಯ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಈಗ ಬಾಗಿಲು ಬಡಿಯಲೋ ಬೇಡವೋ ಎಂದು ನಿಂತ ಅಪರಿಚಿತನ ಕೈಯಂತೆ ಅದು ಮೇಜಿಗೆ ತಾಗಿತು. ಗೋಡೆ ನಿಂತಿತು.

"ನಿಂತಿದೆ" ಎಂದ ಅಪ್ಪ. "ಗಟ್ಟಿ ಗೋಡೇನೇ. ನಾನು ಒಪ್ದೆ."

ಮೊದಲ ಗುಂಡನ್ನು ಜೋಳಿಗೆಯಲ್ಲಿಟ್ಟ. ಕೈ ನಡುಗಿ ಗುಂಡು ಎರಡು ಸಲ ಉರುಳಿತು, ಯಾರೂ ನೆರವಿಗೆ ಹೋಗಲಿಲ್ಲ. ತೋಳನ್ನು ಹಿಡಿದಿದ್ದ ಕೊಕ್ಕೆಯನ್ನು ಎಳೆದ.

ಪೆಟ್ಟಿಗೆ ಧಡ್ ಎಂದು ಕುಸಿಯಿತು. ಮೇಜಿನ ಮೇಲಿದ್ದ ಲೋಟಗಳು ಜಿಗಿದವು. ಗುಂಡು ಗೋಡೆಯ ಕಡೆಗೆ ಹೋಗಲೇ ಇಲ್ಲ. ಸೂರು ಮುಟ್ಟುವಂತೆ ಮೇಲೆದ್ದು, ಚಿಕ್ಕಪ್ಪನ ತಲೆಯ ಮೇಲಿಂದ ಹಾರಿ, ಹಿಂದಿನ ಬಾಗಿಲ ಪರದೆಗೆ ಬಡಿದು ನೆಲದ ಮೇಲೆ ಪುಡಿಯಾಯಿತು. ಎಲ್ಲರೂ ಅದು ಪುಡಿಯಾದದ್ದನ್ನು ನೋಡುತ್ತಿದ್ದಾಗ ಈಚೆ, ಮೇಜು ಅದುರಿದ ರಭಸಕ್ಕೆ, ಕೋಟೆಗೋಡೆಯ ಹೊಟ್ಟೆ ಮೆಲ್ಲಗೆ ಮುಂದೆ ಬಂತು, ಇನ್ನಷ್ಟು ಬಂತು, ತಾನಾಗಿಯೇ ದಡದಡನೆ ಉದುರಿತು. ಒಬ್ಬನಲ್ಲ, ದಂಡು ದಂಡೇ ದಾಟುವಂಥ ಬಾಯಿ.

ಅಮ್ಮ ಸದ್ದು ಕೇಳಿ ಸೌಟು ಹಿಡಿದೇ ಓಡಿ ಬಂದಳು. "ಬಿತ್ತಾ? ಅಯ್ಯೋ, ಕೊನೆಗೂ ಬಿತ್ತೇನ್ರೀ!" ಎಂದು ಸೌಟಿನ ಸಮೇತ ಚಪ್ಪಾಳೆ ತಟ್ಟಿದಳು. ಆ ಕೋಣೆಯಲ್ಲಿ ಖುಷಿಪಟ್ಟವಳು ಅವಳೊಬ್ಬಳೇ.

ಅಪ್ಪ ಎದ್ದು ಮೇಜಿನ ಆ ತುದಿಗೆ ಹೋದ. ಬಿದ್ದ ಇಟ್ಟಿಗೆಗಳ ನಡುವೆ ಬೆರಳಾಡಿಸಿದ. ಹುಡುಕಿದ್ದು ಸಿಗಲಿಲ್ಲ. ಬಗ್ಗಿ ಚಿಕ್ಕಪ್ಪನ ಕಾಲ ಬಳಿಯಿದ್ದ ಡಬ್ಬ ನೋಡಿದ, ಉದ್ದ ಇಟ್ಟಿಗೆಗಳೆಲ್ಲ ಅಲ್ಲಿದ್ದವು. ಮರಳಿ ಬಂದು ಕವಣೆಯ ಪೆಟ್ಟಿಗೆಯನ್ನು ಬೋರಲು ಹಾಕಿದ. ಮರಳು ಸುರಿಯಿತು, ಕೊನೆಗೆ ಟಕ್ ಎಂದು ತೂಗುಗುಂಡು ಬಿತ್ತು.

"ಓ, ಇಲ್ಲಿತ್ತಾ ಇದು" ಎಂದ ಅಪ್ಪ, ಮೃದುವಾಗಿ. "ನಿನ್ನೆ ಎಲ್ಲ ಕಡೆ ಹುಡುಕ್ದೆ."

ಚಿಕ್ಕಪ್ಪ "ಅಣ್ಣಾ..." ಎಂದ.

"ಇಷ್ಟು ವರ್ಷ ಸೋತಿದ್ದೆಲ್ಲ ನಿಜವಾಗ್ಲೂ ಸೋತಿದ್ದೆ ಕಣೋ. ಗೆದ್ದಿದ್ದು ಒಂದು ಸಲ. ಅದನ್ನ ಸುಳ್ಳು ಮಾಡ್ಬಿಟ್ರಿ ಇಬ್ಬರೂ ಸೇರಿ." ಸಿಟ್ಟಿನಲ್ಲಿ ಅಂದದ್ದಲ್ಲ. ಸಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಗುಸುಕಿಯ ಕಡೆ ತಿರುಗಿದ. "ಕಾಲು, ಜೋಡಣೆ ಎಲ್ಲ ನೀನು ನೆಟ್ಟಗೆ ಮಾಡ್ತಿದ್ದೆ, ಅದು ಗೊತ್ತಿತ್ತು ನಂಗೆ. ಮಗಳು ಅಪ್ಪನ ಕೆಲಸಕ್ಕೆ ಕೈ ಹಾಕಿದ್ಲು, ಅದ್ರಲ್ಲೇನು. ಇದು ಹಾಗಲ್ಲಮ್ಮ. ಕೈ ನಡುಗತ್ತೆ, ನಿಜ. ಕಣ್ಣು ಚೆನ್ನಾಗೇ ಕಾಣತ್ತೆ."

ತೂಗುಗುಂಡನ್ನು ಅಂಗಿಯಲ್ಲಿ ಒರೆಸಿ, ಅಂಗಡಿಗೆ ಹೋಗಿ ಅದರ ಮೊಳೆಗೆ ತೂಗುಹಾಕಿದ. ದಾರ ಸಿಕ್ಕಿಸಲು ಬಹಳ ಹೊತ್ತು ಹಿಡಿಯಿತು. ಒಳಗಿದ್ದವರು ಆ ಹೊತ್ತೆಲ್ಲ ಸೀಸ ಗೋಡೆಗೆ ಟಕಟಕ ತಾಗುವ ಸದ್ದನ್ನು ಕೇಳುತ್ತ ನಿಂತಿದ್ದರು.

ಅದಾದ ಮೇಲೆ ಅಪ್ಪ ಮೇಜಿಗೆ ಬರಲಿಲ್ಲ. ಚಿಕ್ಕಪ್ಪ ಪ್ರತಿ ಭಾನುವಾರ ಡಬ್ಬ ಹಿಡಿದು ಬರುತ್ತಿದ್ದ. "ಬಾರೋ ಅಣ್ಣಾ, ಹೊಟ್ಟೆಕಟ್ಟು ಹಾಕೇ ಕಟ್ತೀನಿ. ಒಂದೊಂದು ಇಟ್ಟಿಗೇನೂ ನೀನೇ ಮುಟ್ಟಿ ನೋಡು."

"ಇವತ್ತು ಬೇಡ ಬಿಡೋ."

"ಬೈದುಬಿಡು ಹೋಗ್ಲಿ. ಎರಡು ಬಾರಿಸು."

"ಇವತ್ತು ಬೇಡ" ಎನ್ನುತ್ತಿದ್ದ ಅಪ್ಪ, ನಗುತ್ತಲೇ. ಮುಚ್ಚಿದ ಬಾಗಿಲಿಗೆ ಹಣೆ ಬಡಿದುಕೊಳ್ಳಬಹುದು, ನಗುವ ಬಾಗಿಲಿಗೆ ಏನು ಮಾಡುವುದು? ಚಿಕ್ಕಪ್ಪ ಚಹ ಕುಡಿದು, ಹವಾಮಾನದ ಮಾತಾಡಿ, ಡಬ್ಬ ತೆಗೆದುಕೊಂಡು ಹೋಗುತ್ತಿದ್ದ. ಭಾನುವಾರದ ಊಟ ಕೊನೆಗೂ ಮೇಜಿನ ಮೇಲೆ ಬಂತು. ಅಮ್ಮ ತಟ್ಟೆಗಳನ್ನು ಸಾಲಾಗಿ ಇಟ್ಟಳು. ಎಲ್ಲರೂ ಬೇಗ ಬೇಗ ಉಂಡು ಎದ್ದರು.

ಗುಸುಕಿಗೆ ಅಪ್ಪನ ಹತ್ತಿರ ಕ್ಷಮಿಸು ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತ್ತು. ಈಗೀಗ ಅಪ್ಪ ಮಧ್ಯಾಹ್ನವಾದೊಡನೆ ಅವಳನ್ನು ಏನಾದರೂ ನೆಪ ಹೇಳಿ ಹೊರಗೆ ಕಳಿಸುತ್ತಿದ್ದ. ಮೊಳೆ ತಾ, ಗಾಜು ಬಂದಿದೆಯಾ ಕೇಳಿಕೊಂಡು ಬಾ, ಗಿರಾಕಿಯ ಮನೆಗೆ ಫೋಟೋ ಕೊಟ್ಟು ಬಾ. ತನ್ನ ಮುಖ ನೋಡಲು ಅವನಿಗೆ ಇಷ್ಟವಿಲ್ಲ ಎಂದು ಅವಳು ತಿಳಿದಳು. ಹೇಳಿದಲ್ಲಿಗೆಲ್ಲ ಹೋದಳು, ಬೇಕೆಂದೇ ತಡವಾಗಿ ಮರಳಿದಳು.

ಚಳಿ ಕಳೆಯುವ ಮೊದಲೇ ಅಪ್ಪ ಕೆಮ್ಮು ಹಿಡಿದು ಆಸ್ಪತ್ರೆ ಸೇರಿದ. ಎದೆಯಲ್ಲಿ ನೀರು ತುಂಬಿದೆ ಎಂದರು. ಅವಳು ಮಂಚದ ಪಕ್ಕ ಕೂತು ಅವನ ಕೈ ಹಿಡಿದುಕೊಂಡಿದ್ದಳು. ನಿದ್ದೆಯಲ್ಲಿ ಮಾತ್ರ ಆ ಕೈ ನಡುಗುತ್ತಿರಲಿಲ್ಲ. ಈಗ ಹೇಳುತ್ತೇನೆ, ಎಚ್ಚರವಾದ ಕೂಡಲೇ ಹೇಳುತ್ತೇನೆ ಎಂದುಕೊಂಡಳು. ಅಪ್ಪ ಕಣ್ಣು ಬಿಟ್ಟು ಅವಳನ್ನು ನೋಡಿ "ಅಂಗಡಿಗೆ ಬೀಗ ಹಾಕಿದ್ಯಾ?" ಎಂದ. "ಹೂಂ" ಎಂದಳು. ಅಷ್ಟೇ. ಅವರಿಬ್ಬರ ನಡುವೆ ಆದ ಕೊನೆಯ ಮಾತು ಅದು.

ಎಲ್ಲ ಮುಗಿದು, ಬಂದವರು ಹೋಗಿ, ಮನೆ ಮತ್ತೆ ಮನೆಯಂತೆ ಆದ ಮೇಲೆ ಒಂದು ಭಾನುವಾರ ಅವಳು ಅಂಗಡಿ ತೆರೆದು ಗುಡಿಸುತ್ತಿದ್ದಳು. ಚಿಕ್ಕಪ್ಪ ಬಂದ. ಅಭ್ಯಾಸಬಲ, ಕಂಕುಳಲ್ಲಿ ಡಬ್ಬ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬೆಂಚಿನ ಮೇಲಿಟ್ಟು, "ಏನಾದ್ರೂ ಎತ್ತಿಡೋದಿದ್ರೆ ಹೇಳು" ಎಂದ. ಕಟ್ಟಿನ ಉದ್ದ ಪಟ್ಟಿಗಳನ್ನು ಗೋಡೆಗೆ ಒರಗಿಸಿಟ್ಟಿದ್ದ ಮೂಲೆಯನ್ನು ಇಬ್ಬರೂ ಸೇರಿ ಖಾಲಿ ಮಾಡಿದರು. ಪಟ್ಟಿಗಳ ಹಿಂದೆ ಅಪ್ಪನ ಹಳೆಯ ಏಪ್ರನ್‌ನಲ್ಲಿ ಸುತ್ತಿದ ಗಂಟೊಂದು ಇತ್ತು.

ಬಿಚ್ಚಿದರೆ ಒಂದು ಕವಣೆ. ಅವಳು ಎಂದೂ ನೋಡದ ಕವಣೆ. ಒಂದು ಕಾಲು ಗಿಡ್ಡ, ಒಂದು ಉದ್ದ. ಗೋಂದು ಮೇಣದಂತೆ ಇಳಿದು ಗಟ್ಟಿಯಾಗಿತ್ತು. ಜೋಳಿಗೆಯ ಹೊಲಿಗೆ ಹಾದಿ ತಪ್ಪಿದ ಇರುವೆಸಾಲಿನಂತೆ ಎತ್ತೆತ್ತಲೋ ಹೋಗಿತ್ತು. ಪೆಟ್ಟಿಗೆಯನ್ನು ಅಂಗೈಗೆ ಬಗ್ಗಿಸಿದಳು. ಮರಳು ಬಂತು, ಬರೀ ಮರಳು. ಗಂಟಿನ ತಳದಲ್ಲಿ ಕೊಯ್ದು ಬಿಸಾಡದೆ ಉಳಿಸಿದ ಪಟ್ಟಿಚೂರುಗಳಿದ್ದವು.

ಹೊರಗೆ ಕಳಿಸಿದ್ದು ಯಾಕೆಂದು ಆಗ ತಿಳಿಯಿತು.

"ನಮ್ಮಣ್ಣ..." ಎಂದ ಚಿಕ್ಕಪ್ಪ. ಸ್ಟೂಲು ಎಳೆದು ಕೂತ. ಆಮೇಲೆ ಏನನ್ನೋ ನೆನೆದವನಂತೆ ಡಬ್ಬ ತೆರೆದು ಬೆಂಚಿನ ಮೇಲೆ ಗೋಡೆ ಕಟ್ಟತೊಡಗಿದ. ಒಂದು ಜೋಕೂ ಇಲ್ಲ. ಎರಡು ಪದರ, ನಡುವೆ ಹೊಟ್ಟೆಕಟ್ಟು. ಅವಳು ಆ ಹೊತ್ತಿನಲ್ಲಿ ಕವಣೆಯ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಪ್ಪ ಪೆನ್ಸಿಲಿನಲ್ಲಿ ಎಳೆದ ಗೆರೆ ಇನ್ನೂ ಇತ್ತು. ನಡುಗಿ ನಡುಗಿ ಎಳೆದಿದ್ದರೂ ಗೆರೆ ಮರದ ಎಳೆಯ ಜೊತೆಗೇ ಓಡಿತ್ತು. ಗರಗಸ ಮಾತ್ರ ಆ ಗೆರೆ ಬಿಟ್ಟು ಜಾರಿ, ಎಳೆಗೆ ಅಡ್ಡವಾಗಿ ಕೊಯ್ದುಬಿಟ್ಟಿತ್ತು. ಉಳಿದ ಚೂರುಗಳನ್ನೂ ಒಂದೊಂದಾಗಿ ನೋಡಿದಳು. ಎಲ್ಲದರಲ್ಲೂ ಗೆರೆ ಸರಿ, ಕೊಯ್ತ ತಪ್ಪು. ಕಣ್ಣು ಕಂಡದ್ದನ್ನು ಕೈ ಮಾಡಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ, ಇದ್ದುದರಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸಿ ಅಚ್ಚಿಗೇರಿಸಿದ್ದ.

"ಗುದ್ದು ಹಾಕು" ಎಂದ ಚಿಕ್ಕಪ್ಪ.

ಅವಳು ಮುಷ್ಟಿ ಕಟ್ಟಿ ಬೆಂಚಿಗೆ ಗುದ್ದಿದಳು. ಮೊಳೆಗಳ ಡಬ್ಬ ಹಾರಿ ಬಿತ್ತು. ಗೋಡೆಯ ಒಂದು ಇಟ್ಟಿಗೆಯೂ ಅಲುಗಲಿಲ್ಲ.

"ನಿಂತಿದೆ" ಎಂದಳು.

ಚಿಕ್ಕಪ್ಪ ಕವಣೆಯನ್ನು ಗೋಡೆಯ ಎದುರು ಇಟ್ಟ. ಕೊಕ್ಕೆಯ ಹತ್ತಿರ ಬೆರಳು ಒಯ್ದು ಹಿಂದಕ್ಕೆ ತೆಗೆದ. "ನಂಗೆ ಆಗಲ್ಲ. ನೀನು ಮರ ನೋಡಿದೀಯಲ್ಲ, ನೀನೇ ಹೇಳು ಗುಸುಕಿ. ಇದು ಬೀಳಿಸ್ತಿತ್ತಾ?"

ಅವನ ಮುಖದಲ್ಲಿ ಯಾವ ಉತ್ತರದ ಆಸೆಯಿದೆ ಎಂಬುದು ಕುರುಡರಿಗೂ ಕಾಣುವಂತಿತ್ತು. ಒಂದು 'ಹೂಂ' ಸಾಕಿತ್ತು. ಅವಳಿಗೆ ಅತಿ ಸಲೀಸಾಗಿ ಬರುತ್ತಿದ್ದ ಮಾತೇ ಅದು.

"ಇಲ್ಲ ಚಿಕ್ಕಪ್ಪ" ಎಂದಳು. "ತೋಳು ಎಳೆಗೆ ಅಡ್ಡ ಬಂದಿದೆ. ಭಾರ ಬಿದ್ದ ಕೂಡ್ಲೇ ಮುರೀತಿತ್ತು. ಗುಂಡು ಗೋಡೆ ಹತ್ರಾನೂ ಹೋಗ್ತಿರ್ಲಿಲ್ಲ."

ಚಿಕ್ಕಪ್ಪ ಗೋಡೆಯ ಮೇಲಿನ ಸಾಲನ್ನು ಬೆರಳಿನಿಂದ ಸವರಿದ.

"ಹಾಗಾದ್ರೆ ನಾನೇ ಗೆದ್ದೆ" ಎಂದ.

"ಹೂಂ. ನೀವೇ ಗೆದ್ರಿ."

"ಸೋತ ನಮ್ಮಣ್ಣ. ನಿಜವಾಗ್ಲೂ ಸೋತ ಕಣೇ" ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೋ ನಗುತ್ತಿದ್ದಾನೋ ಎಂದು ಅಮ್ಮ ಒಳಗಿನಿಂದ ಬಂದು ಇಣುಕಿದಳು, ಬೆಂಚಿನ ಮೇಲಿದ್ದುದನ್ನು ನೋಡಿದಳು, ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಹೋಗುವಾಗ ಚಿಕ್ಕಪ್ಪ ಖಾಲಿ ಡಬ್ಬವನ್ನು ಮಾತ್ರ ತೆಗೆದುಕೊಂಡು ಹೋದ.

ಮರುದಿನ ಯಾರದೋ ಮದುವೆಯ ಫೋಟೋಗೆ ಗಾಜು ಕೊಯ್ಯಬೇಕಿತ್ತು. ಗಾಜಿಗೆ ಬೆಂಚೇ ಬೇಕು, ಬೇರೆಲ್ಲೂ ಅದು ಸಮನಾಗಿ ಕೂರುವುದಿಲ್ಲ. ಗುಸುಕಿ ಬೆಂಚಿನ ಮೇಲೆ ನಿಂತಿದ್ದ ಗೋಡೆಯನ್ನೂ ಅದರೆದುರಿನ ಕವಣೆಯನ್ನೂ ಒಮ್ಮೆ ನೋಡಿದಳು. ನೆಲದ ಮೇಲೆ ಹಳೆಯ ಪೇಪರು ಹಾಸಿ, ಮಂಡಿಯೂರಿ ಕೂತು ಕೊಯ್ದಳು.